ಖಾಲಿ ಕೊಳವೆ, ಹಳೆಯ ಲೆನ್ಸು, ಅಡಕೆ ಹಾಳೆ

(ಇಡಗುಂಜಿಯಲ್ಲಿ ಹಳ್ಳಿಗರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಹೋದ ಮಳೆಗಾಲದಲ್ಲಿ ಪದವಿ ಓದುತ್ತಿರುವ ಹುಡುಗನೊಬ್ಬ ನಮ್ಮ ಮನೆಗೆ ಬಂದಿದ್ದ. ಕೈಯಲ್ಲಿ ಒಂದು ಹಳೆಯ ಮಿರರ್‌ಲೆಸ್ ಕ್ಯಾಮೆರಾ. ಊರು ಬಿಟ್ಟು ಹೋಗುತ್ತಿದ್ದ ಯಾರೋ ನೆಂಟರು ಕೊಟ್ಟದ್ದು. ಅವನು ಕೇಳಿದ ಪ್ರಶ್ನೆ ಒಂದೇ: “ಅಣ್ಣಾ, ಮ್ಯಾಕ್ರೋ ಲೆನ್ಸು ಕೊಳ್ಳಬೇಕು. ಅಪ್ಪ ಸೊಸಾಯ್ಟಿಯಲ್ಲಿ ಸಾಲ ತೆಗೆದುಕೊಡುತ್ತೇನೆ ಎನ್ನುತ್ತಿದ್ದಾನೆ. ತೆಗೆಯಲೋ ಬೇಡವೋ?” ಕೊಳೆರೋಗ ಬಂದು ಆ ವರ್ಷದ ಅಡಕೆ ಅರ್ಧ ಉದುರಿಹೋಗಿದ್ದ ಮನೆ ಅದು. ನಾನು ಬೇಡವೆಂದೆ. ಆದರೆ ಬೇಡ ಎಂದ ಮೇಲೆ ಅದಕ್ಕೆ ಬದಲು ಏನು ಎಂಬುದನ್ನು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಇಂದಿನ ಮಾತು ಆ ಹೊಣೆಯ ಮುಂದುವರಿಕೆ.

ಇಲ್ಲಿಗೆ ಬರುವ ಭಕ್ತರು ಗಣಪತಿಗೆ ಗರಿಕೆ ತರುತ್ತಾರೆ. ಆ ಗರಿಕೆಯ ಒಂದು ಹಿಡಿಯನ್ನು ಬೆಳಗಿನ ಆರು ಗಂಟೆಗೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದವರು ಎಷ್ಟು ಜನ? ಅದರಲ್ಲಿ ಎಲೆಜಿಗಿಯುವ ಹುಳವಿದೆ, ಅಕ್ಕಿಕಾಳಿಗಿಂತ ಸಣ್ಣ ಜೇಡವಿದೆ, ಜೇಡದ ಮೊಟ್ಟೆಯ ಮೇಲೆ ಕುಳಿತ ಕಣಜವಿದೆ. ಹುಲಿಯ ಚಿತ್ರ ತೆಗೆಯಲು ದೂರದ ಕಾಡಿಗೆ ಹೋಗಬೇಕು, ಜೀಪು ಬೇಕು, ಅನುಮತಿ ಬೇಕು. ಇವುಗಳ ಚಿತ್ರಕ್ಕೆ ಅಂಗಳಕ್ಕೆ ಇಳಿದರೆ ಸಾಕು.

ಈ ಕೆಲಸಕ್ಕೆ ನಮ್ಮ ತಾಲೂಕಿನಲ್ಲಿಯೇ ಹಿರಿಯರೊಬ್ಬರಿದ್ದರು. 1934ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು ಅಮೆರಿಕದಲ್ಲಿ ಓದಿ, ವಿಜ್ಞಾನಿಯಾಗಿ ಹಿಂತಿರುಗಿ, ಕೀಟ, ಹಕ್ಕಿ, ಸಸ್ಯಗಳ ಕುರಿತು ಕನ್ನಡದಲ್ಲಿ ಬರೆದವರು. ಚಿತ್ರಗಳನ್ನು ತಾವೇ ತೆಗೆಯುತ್ತಿದ್ದರು, ರೇಖೆಗಳನ್ನೂ ತಾವೇ ಬಿಡಿಸುತ್ತಿದ್ದರು. 2002ರಲ್ಲಿ ಅವರು ತೀರಿಕೊಂಡರು. ಅವರ ದುಡಿಮೆಯ ಬಹುಭಾಗ ಫಿಲ್ಮಿನ ಕಾಲದ್ದು. ಒಂದು ರೋಲಿಗೆ ಮೂವತ್ತಾರು ಚಿತ್ರ. ತೊಳೆದು ಬರುವವರೆಗೆ ಇರುವೆಯ ಕಣ್ಣು ಸ್ಪಷ್ಟವಾಗಿದೆಯೋ ಇಲ್ಲವೋ ತಿಳಿಯದು. ನಮಗೀಗ ಆ ಕಷ್ಟವಿಲ್ಲ. ಆದರೂ ನಮ್ಮ ಹಳ್ಳಿಗಳ ಸಣ್ಣ ಜೀವಿಗಳ ಚಿತ್ರಗಳು ಅಷ್ಟೇನೂ ಹೆಚ್ಚಿಲ್ಲ.

ನನ್ನದೇ ಒಂದು ಸೋಲನ್ನು ಮೊದಲು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ತೋಟದ ಕೆಳಗಿನ ಹಳ್ಳದಲ್ಲಿ, ಏರೋಪ್ಲೇನ್ ಚಿಟ್ಟೆಯ ಬಳಗಕ್ಕೆ ಸೇರಿದ, ಸೂಜಿಯಂಥ ಸಪೂರ ದೇಹದ ಕೀಟವೊಂದನ್ನು ಕಂಡೆ. ಹಿಂದೆಂದೂ ನೋಡಿರದ ಬಣ್ಣ. ಕಣ್ಣುಗಳು ಮುತ್ತಿನಂತೆ ಹೊಳೆಯುವ ಚಿತ್ರ ತೆಗೆದೆ, ನೋಡಿದವರೆಲ್ಲ ಹೊಗಳಿದರು. ಬಲ್ಲವರೊಬ್ಬರಿಗೆ ಕಳಿಸಿದಾಗ ಅವರು ಕೇಳಿದ್ದು ಬೇರೆಯೇ: “ಬಾಲದ ತುದಿಯ ಕೊಂಡಿಗಳು ಕಾಣುವ ಚಿತ್ರವಿದೆಯೇ? ಯಾವ ತಿಂಗಳು? ಹರಿಯುವ ನೀರೋ, ನಿಂತ ನೀರೋ?” ಈ ಕೀಟಗಳ ಜಾತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಂಡಿನ ಬಾಲದ ತುದಿಯ ಆ ಕೊಂಡಿಗಳ ಆಕಾರವೇ. ನನ್ನ ಚಿತ್ರದಲ್ಲಿ ಕಣ್ಣು ಸ್ಪಷ್ಟ, ಬಾಲ ಮಸುಕು. ತಿಂಗಳನ್ನೂ ಬರೆದಿಟ್ಟಿರಲಿಲ್ಲ. ಮುಂದಿನ ವರ್ಷ ಹೋಗಿ ತೆಗೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮೇಲಿನ ರಸ್ತೆಯ ಮಣ್ಣು ಆ ಹಳ್ಳಕ್ಕೆ ಬಿತ್ತು, ನೀರು ಮೋರಿಯ ಕೊಳವೆಯಲ್ಲಿ ಹರಿಯತೊಡಗಿತು. ಆ ಕೀಟವನ್ನು ನಾನು ಮತ್ತೆ ಕಾಣಲಿಲ್ಲ. ಅದು ಯಾವುದಾಗಿತ್ತೆಂದು ಇಂದಿಗೂ ಹೇಳಲಾರೆ. ಆ ಚಿತ್ರ ಈಗಲೂ ನಮ್ಮ ಗೋಡೆಯ ಮೇಲಿದೆ. ಅದು ಯಾವುದಕ್ಕೂ ಸಾಕ್ಷಿಯಲ್ಲ.

ಆದ್ದರಿಂದ ಅಂದದ ಮಾತನ್ನು ಬದಿಗಿಟ್ಟು, ಗುರುತು ಹಿಡಿಯಲು ಸಾಕಾಗುವಷ್ಟು ದೊಡ್ಡದಾಗಿ, ಸ್ಪಷ್ಟವಾಗಿ, ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆಂದು ನೋಡೋಣ.

ಮ್ಯಾಕ್ರೋ ಎಂದರೆ ಜೀವಿಯ ನಿಜಗಾತ್ರದ ಬಿಂಬ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಬೀಳುವುದು. ನಮ್ಮ ಗೋಡೆಯ ಸಂದಿಯಲ್ಲಿ ಗೂಡು ಕಟ್ಟುವ ಮಿಸರಿ ಜೇನನ್ನೇ ತೆಗೆದುಕೊಳ್ಳಿ. ಅದರ ಉದ್ದ ಸುಮಾರು 4 ಮಿಲಿಮೀಟರು. ಎಪಿಎಸ್-ಸಿ ಎನ್ನುವ ಮಧ್ಯಮ ಗಾತ್ರದ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರು, 24 ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಆ ಅಗಲದಲ್ಲಿ 6000 ಚುಕ್ಕೆಗಳಿರುತ್ತವೆ. ಕ್ಯಾಮೆರಾದೊಡನೆ ಬರುವ ಲೆನ್ಸು ಎಷ್ಟು ಹತ್ತಿರ ಹೋದರೂ ನಿಜಗಾತ್ರದ ನಾಲ್ಕರಲ್ಲಿ ಒಂದೋ ಐದರಲ್ಲಿ ಒಂದೋ ಪಾಲು ಬಿಂಬವನ್ನಷ್ಟೇ ಮೂಡಿಸುತ್ತದೆ. ನಾಲ್ಕರಲ್ಲಿ ಒಂದೆಂದರೆ ಮಿಸರಿಗೆ ಸಿಗುವುದು ಸುಮಾರು 250 ಚುಕ್ಕೆ. ರೆಕ್ಕೆಯ ನರಗಳು ಕಾಣುವುದಿಲ್ಲ. ನಿಜಗಾತ್ರ ಮುಟ್ಟಿದರೆ ಅದೇ ಜೇನಿಗೆ ಸಾವಿರ ಚುಕ್ಕೆ. ಹಿಂಗಾಲಿಗೆ ಅಂಟಿಸಿಕೊಂಡ ಅಂಟಿನ ಉಂಡೆಯೂ ಕಾಣುತ್ತದೆ. ನಾವು ದುಡ್ಡು ಕೊಡುವುದು, ಅಥವಾ ದುಡ್ಡು ಉಳಿಸಿ ಜಾಣತನ ತೋರುವುದು, 250ರಿಂದ 1000ಕ್ಕೆ ಹೋಗುವ ಈ ದಾರಿಗೆ ಮಾತ್ರ.

ಕ್ಯಾಮೆರಾ ಕಂಪೆನಿಗಳೇ ಮಾಡುವ ಮ್ಯಾಕ್ರೋ ಲೆನ್ಸಿಗೆ ಸಾಮಾನ್ಯವಾಗಿ ಹಲವು ಹತ್ತು ಸಾವಿರ ರೂಪಾಯಿ. ಈಚಿನ ವರ್ಷಗಳಲ್ಲಿ ಕೈಯಿಂದಲೇ ಫೋಕಸ್ ಮಾಡುವ ಚೀನದ ಮ್ಯಾಕ್ರೋ ಲೆನ್ಸುಗಳು ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳಬಲ್ಲವರು ಕೊಳ್ಳಲಿ, ಅವು ಕೆಟ್ಟವಲ್ಲ. ಆದರೆ ಅದಕ್ಕೂ ಮೊದಲ ಮೆಟ್ಟಿಲು ಒಂದು ಖಾಲಿ ಕೊಳವೆ.

ಖಾಲಿ ಎಂದರೆ ಅಕ್ಷರಶಃ ಖಾಲಿ. ಒಳಗೆ ಗಾಜಿಲ್ಲ, ಗಾಳಿ ಮಾತ್ರ. ಎಕ್ಸ್‌ಟೆನ್ಶನ್ ಟ್ಯೂಬ್ ಎಂದು ಅದರ ಹೆಸರು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಇದನ್ನು ಸೇರಿಸಿದರೆ ಲೆನ್ಸು ಸೆನ್ಸರಿನಿಂದ ದೂರ ಸರಿಯುತ್ತದೆ, ಆಗ ಅದು ಹತ್ತಿರದ ವಸ್ತುವಿನ ಮೇಲೆ ಫೋಕಸ್ ಆಗುತ್ತದೆ. ಲೆಕ್ಕ ಸುಲಭ: ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತಿನಿಂದ ಭಾಗಿಸಿ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಕೊಳವೆ ಹಾಕಿದರೆ ಅರ್ಧಗಾತ್ರ, 50 ಹಾಕಿದರೆ ನಿಜಗಾತ್ರ. ಲೆನ್ಸಿಗೆ ತನ್ನದೇ ಆಗಿ ಸ್ವಲ್ಪ ಹತ್ತಿರ ಹೋಗುವ ಶಕ್ತಿ ಇರುವುದರಿಂದ ಇನ್ನಷ್ಟು ಸೇರುತ್ತದೆ.

ಇಲ್ಲಿ ಒಂದು ತೊಡಕಿದೆ. ತೀರ ಅಗ್ಗದ, ಕೆಲವು ನೂರು ರೂಪಾಯಿಯ ಕೊಳವೆಗಳಲ್ಲಿ ವಿದ್ಯುತ್ ಸಂಪರ್ಕದ ಚುಕ್ಕೆಗಳಿರುವುದಿಲ್ಲ. ಇಂದಿನ ಲೆನ್ಸುಗಳ ಅಪರ್ಚರ್ ಕ್ಯಾಮೆರಾ ಹೇಳಿದಂತೆ ತೆರೆದು ಮುಚ್ಚುವಂಥದ್ದು. ಸಂಪರ್ಕ ತಪ್ಪಿದರೆ ಅದರ ಮೇಲೆ ನಮಗೆ ಹಿಡಿತವಿರದು. ಸಂಪರ್ಕವಿರುವ ಕೊಳವೆಗೆ ಬೆಲೆ ಹೆಚ್ಚು. ಹಾಗಾದರೆ ಬಡವನ ದಾರಿ? ಹಳೆಯ ಲೆನ್ಸು. ನಿಮ್ಮ ಮನೆಯ ಅಟ್ಟದಲ್ಲಿಯೋ, ಪೇಟೆಯ ಮುಚ್ಚಿದ ಸ್ಟುಡಿಯೋದ ಕಪಾಟಿನಲ್ಲಿಯೋ ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸು ಬಿದ್ದಿರುತ್ತದೆ. ಅದರ ಅಪರ್ಚರನ್ನು ಉಂಗುರ ತಿರುಗಿಸಿ ಕೈಯಿಂದಲೇ ಬದಲಿಸಬಹುದು. ಅದಕ್ಕೆ ವಿದ್ಯುತ್ತೂ ಬೇಡ, ಕ್ಯಾಮೆರಾದ ಅಪ್ಪಣೆಯೂ ಬೇಡ.

ಮಿರರ್‌ಲೆಸ್ ಕ್ಯಾಮೆರಾ ನಮಗೆ ಅನುಕೂಲವಾಗುವುದು ಇಲ್ಲಿಯೇ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಕನ್ನಡಿಗೆ ಜಾಗ ಬೇಕಿದ್ದುದರಿಂದ ಲೆನ್ಸಿನ ಬುಡ ಸೆನ್ಸರಿನಿಂದ ಬಹು ದೂರ ಇರುತ್ತಿತ್ತು. ಎಂ 42 ಎಂಬ ಹಳೆಯ ತಿರುಪಿನ ಲೆನ್ಸುಗಳಲ್ಲಿ 45.5 ಮಿ.ಮೀ., ನಿಕಾನ್‌ನ ಹಳೆಯವುಗಳಲ್ಲಿ 46.5. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಂದಿನಿಂದ ಬೆಳೆದ ಮಿರರ್‌ಲೆಸ್ ಬಳಗದಲ್ಲಿ ಕನ್ನಡಿಯೇ ಇಲ್ಲ. ಸೋನಿಯ ಇ-ಮೌಂಟಿನಲ್ಲಿ ಈ ದೂರ 18 ಮಿ.ಮೀ. ಮಾತ್ರ. ಮಿಕ್ಕ ಜಾಗವನ್ನು ತುಂಬಲು ಒಂದು ಅಡಾಪ್ಟರ್ ಹಾಕಿದರೆ ಅರವತ್ತು-ಎಪ್ಪತ್ತರ ದಶಕದ ಎಂ 42 ಲೆನ್ಸೂ ಕೂರುತ್ತದೆ. ಆ ಅಡಾಪ್ಟರಿಗೂ ಕ್ಯಾಮೆರಾಕ್ಕೂ ನಡುವೆ ಅಗ್ಗದ ಖಾಲಿ ಕೊಳವೆ ಸೇರಿಸಿ: ಮ್ಯಾಕ್ರೋ ಸಿದ್ಧ. ಅಪರ್ಚರ್ ಮುಚ್ಚಿದಾಗ ಎಸ್‌ಎಲ್‌ಆರಿನ ಕಿಂಡಿ ಕತ್ತಲಾಗುತ್ತಿತ್ತು. ಮಿರರ್‌ಲೆಸ್ ತನ್ನ ಪರದೆಯನ್ನು ತಾನೇ ಬೆಳಗಿಸಿಕೊಳ್ಳುತ್ತದೆ. ಫೋಕಸ್ ಪೀಕಿಂಗ್ ಎಂಬ ಸೌಲಭ್ಯವನ್ನು ಚಾಲೂ ಮಾಡಿದರೆ ಸ್ಪಷ್ಟವಾದ ಅಂಚುಗಳ ಮೇಲೆ ಕೆಂಪೋ ಹಳದಿಯೋ ಗೆರೆ ಮೂಡುತ್ತದೆ. ನನ್ನ ಬಾಲದ ಕೊಂಡಿ ತಪ್ಪಿದ್ದು ಇದಿಲ್ಲದ ಕಾಲದಲ್ಲಿ. ಹೊಸ ಕ್ಯಾಮೆರಾ ಬೇಕೆಂದೇನೂ ಇಲ್ಲ. 2014ರ ಸೋನಿ ಎ6000ದಂಥದ್ದು ಬಳಸಿದ ಸ್ಥಿತಿಯಲ್ಲಿ ಸಿಕ್ಕರೆ ಈ ಕೆಲಸಕ್ಕೆ ಧಾರಾಳ.

ಲೆನ್ಸನ್ನು ಹಿಂದುಮುಂದಾಗಿ ಹಾಕುವ ಉಪಾಯವೂ ಉಂಟು. ಅದಕ್ಕೊಂದು ರಿವರ್ಸ್ ರಿಂಗ್ ಸಾಕು. ಹಳೆಯ 28 ಮಿ.ಮೀ. ಲೆನ್ಸನ್ನು ಹೀಗೆ ತಿರುಗಿಸಿ, ಮಿರರ್‌ಲೆಸ್‌ನಲ್ಲಿ ಕೊರತೆಯಾಗುವ ದೂರಕ್ಕೆ ಕೊಳವೆಯನ್ನೂ ಸೇರಿಸಿದರೆ ನಿಜಗಾತ್ರದ ಎರಡರಷ್ಟು ಸಿಗುತ್ತದೆ. ಆದರೆ ಜೀವಿಗೆ ಆರು ಸೆಂಟಿಮೀಟರಿನಷ್ಟು ಹತ್ತಿರ ಹೋಗಬೇಕು. ಲೆನ್ಸಿನ ಹಿಂಭಾಗ ಹೊರಗೆ ತೆರೆದುಕೊಂಡಿರುವುದರಿಂದ ನಮ್ಮ ಮಳೆಗೆ ಇದು ಹೇಳಿಸಿದ್ದಲ್ಲ. ಮನೆಯೊಳಗೆ, ಬೀಜ, ಕಾಳುಹುಳ, ಎಲೆಯ ಮೇಲಿನ ನುಸಿ ಇಂಥವಕ್ಕೆ ಇರಲಿ.

ನಾನು ಹೆಚ್ಚು ಮೆಚ್ಚುವುದು ಮೂರನೆಯ ದಾರಿಯನ್ನು. ಹಲವರ ಬಳಿ ಕ್ಯಾಮೆರಾದೊಡನೆ ಬಂದ 55–210ರಂಥ ಉದ್ದ ಜೂಮ್ ಲೆನ್ಸು ಇರುತ್ತದೆ. ಅದರ ಮುಂದೆ ಭೂತಗನ್ನಡಿಯಂತಹ ಕ್ಲೋಸ್‌ಅಪ್ ಲೆನ್ಸು ಸಿಕ್ಕಿಸುವುದು. ಒಂಟಿ ಗಾಜಿನ ಅಗ್ಗದವು ಅಂಚಿನಲ್ಲಿ ನೇರಳೆ-ಹಸಿರು ಬಣ್ಣ ಚೆಲ್ಲುತ್ತವೆ. ಎರಡು ಮೂರು ಗಾಜು ಸೇರಿಸಿದವು ಹಾಗೆ ಮಾಡವು. ಜಪಾನಿನ ರೇನಾಕ್ಸ್ ಡಿಸಿಆರ್-250 ಎಂಬುದು ಬಹುಕಾಲದಿಂದ ಹೆಸರುವಾಸಿ. ಅದರ ಶಕ್ತಿ 8 ಡಯಾಪ್ಟರ್, ಎಂದರೆ 125 ಮಿ.ಮೀ. ಫೋಕಲ್ ಲೆಂಗ್ತ್. ಜೂಮನ್ನು 210ಕ್ಕೆ ಎಳೆದರೆ 210 ಭಾಗಿಸು 125: ನಿಜಗಾತ್ರದ ಒಂದೂವರೆಗೂ ಮೀರಿದ ಹಿಗ್ಗು. ಜೀವಿಗೂ ಗಾಜಿಗೂ ನಡುವೆ ಹನ್ನೆರಡು ಸೆಂಟಿಮೀಟರಿನಷ್ಟು ಜಾಗ ಉಳಿಯುತ್ತದೆ. ಚಗಳಿ ಇರುವೆ ಕೈಗೆ ಹತ್ತುವುದಿಲ್ಲ, ಚಿಟ್ಟೆ ಹೆದರುವುದಿಲ್ಲ. ಆಟೋಫೋಕಸ್, ಅಪರ್ಚರ್ ಎಲ್ಲವೂ ಎಂದಿನಂತೆ. ಬೆಲೆ ಕೆಲವು ಸಾವಿರವಾಯಿತು, ನಿಜ. ನಾಲ್ಕು ಜನ ಸೇರಿ ಒಂದನ್ನು ಕೊಂಡು ಸರದಿಯಲ್ಲಿ ಬಳಸಬಹುದು. ಸಾಲ ಕೇಳಿ ಬಂದ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಕ್ಯಾಮೆರಾ ಇಲ್ಲದವರು ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸಿನಿಂದ ಆರಂಭಿಸಲಿ, ಕಣ್ಣು ಪಳಗುತ್ತದೆ.

ಇನ್ನು ಬೆಳಕು. ಹೊಸಬರು ಲೆನ್ಸಿನ ಮೇಲೆ ಸುರಿಯುವ ಯೋಚನೆಯ ಅರ್ಧವನ್ನು ಬೆಳಕಿನ ಮೇಲೆ ಇಟ್ಟರೆ ಚಿತ್ರ ಬದಲಾಗುತ್ತದೆ ಎಂಬುದು ನನ್ನ ಅನುಭವ. ನಿಜಗಾತ್ರಕ್ಕೆ ಹೋದಾಗ ಸೆನ್ಸರಿಗೆ ತಲಪುವ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸ್ಪಷ್ಟತೆಯ ಆಳವಂತೂ, ಎಫ್ 8 ಇಟ್ಟರೂ, ಒಂದು ಮಿಲಿಮೀಟರಿಗಿಂತ ಕಡಿಮೆ. ಹಾಗೆಂದು ಎಫ್ 22ಕ್ಕೆ ಮುಚ್ಚಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಂಕಾಗುತ್ತದೆ. ಎಫ್ 8ರಿಂದ 11ರ ನಡುವೆ ನಿಲ್ಲುವುದು ಲೇಸು. ಅಡಕೆ ತೋಟದ ನೆರಳಿನಲ್ಲಿ, ಕಾರ್ತೆಲ್ಲು ತಿಂಗಳ ಮೋಡದಲ್ಲಿ, ಇಷ್ಟಕ್ಕೆ ಬೆಳಕು ಸಾಲದು. ಫ್ಲ್ಯಾಶ್ ಬೇಕೇ ಬೇಕು. ದುಬಾರಿಯದು ಬೇಡ, ಶಕ್ತಿಯನ್ನು ಕೈಯಿಂದ ಹೊಂದಿಸುವ ಸಾದಾ ಫ್ಲ್ಯಾಶ್ ಸಾಕು. ಕಡಿಮೆ ಶಕ್ತಿಯಲ್ಲಿ ಅದು ಬೆಳಗುವುದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಗಾಳಿಗೆ ಎಲೆ ಅಲುಗಿದರೂ, ನಮ್ಮ ಕೈ ನಡುಗಿದರೂ ಚಿತ್ರ ಕದಲುವುದಿಲ್ಲ. ಒಂದು ಎಚ್ಚರಿಕೆ: ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಬಹುತೇಕ ಕ್ಯಾಮೆರಾಗಳ ಫ್ಲ್ಯಾಶ್ ಉರಿಯುವುದಿಲ್ಲ. ಫ್ಲ್ಯಾಶ್ ಕೆಟ್ಟಿದೆಯೆಂದು ಪೇಟೆಗೆ ಹೊತ್ತುಕೊಂಡು ಹೋಗಿ ನಾನು ನಗೆಗೀಡಾದದ್ದುಂಟು.

ಬರಿಯ ಫ್ಲ್ಯಾಶಿನ ಬೆಳಕು ಜೀರುಂಡೆಯ ಬೆನ್ನಿನ ಮೇಲೆ ಬಿಳಿಯ ಕಲೆಯಾಗಿ ಬೀಳುತ್ತದೆ. ಅದನ್ನು ಹರಡಬೇಕು. ಬೆಳಕಿನ ಮೂಲ ಜೀವಿಗಿಂತ ದೊಡ್ಡದಾಗಿ, ಹತ್ತಿರವಾಗಿ ಇದ್ದಷ್ಟೂ ನೆರಳು ಮೃದು. ನಾನು ಮಾಡಿಕೊಂಡಿರುವುದು ಹೀಗೆ. ಒಂದು ಒಳ್ಳೆಯ ಅಡಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮೊರದ ಆಕಾರಕ್ಕೆ ಬಗ್ಗಿಸಿ, ಕಟ್ಟಿ ಒಣಗಿಸಿದೆ. ಒಳಮೈಗೆ ಬಿಳಿಯ ಕಾಗದ ಅಂಟಿಸಿದೆ. ಬಾಯಿಗೆ ಟಿವಿ, ಮಿಕ್ಸರುಗಳ ಪೆಟ್ಟಿಗೆಯಲ್ಲಿ ಸುತ್ತಿ ಬರುವ ತೆಳ್ಳನೆಯ ಬಿಳಿ ಫೋಮ್ ಹಾಳೆಯನ್ನು ಎರಡು ಪದರ ಕಟ್ಟಿದೆ. ಹಿಂಬದಿಯಲ್ಲಿ ಫ್ಲ್ಯಾಶ್ ತೂರುವಷ್ಟು ಕಿಂಡಿ. ಇದನ್ನು ಲೆನ್ಸಿನ ಮೇಲೆ ಚಾಚಿದರೆ ಬೆಳಕು ಮೋಡದ ದಿನದಂತೆ ಇಳಿಯುತ್ತದೆ. ಮಳೆ ಹನಿಗೆ ಲೆನ್ಸಿನ ಕೊಡೆಯೂ ಆಯಿತು. ಮೂರು ಮಳೆಗಾಲ ಬಾಳಿದೆ. ಗೆದ್ದಲು ತಿಂದರೆ ಇನ್ನೊಂದು ಹಾಳೆ ಬೀಳುತ್ತದೆ, ಅದಕ್ಕೇನು.

ಚಿತ್ರ ತೆಗೆಯುವಾಗ ಫೋಕಸ್ ಉಂಗುರವನ್ನು ತಿರುಗಿಸುತ್ತ ಕೂರಬೇಡಿ. ಎಷ್ಟು ಹಿಗ್ಗು ಬೇಕೋ ಅಷ್ಟಕ್ಕೆ ನಿಲ್ಲಿಸಿ, ಮೊಣಕೈಯನ್ನು ಮೊಣಕಾಲಿಗೆ ಊರಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗಿ. ಕೀಟದ ಮೈಯುದ್ದಕ್ಕೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗಿದ್ದರೆ ಆ ಒಂದು ಮಿಲಿಮೀಟರಿನಲ್ಲಿಯೇ ತಲೆಯಿಂದ ಬಾಲದವರೆಗೆ ಬಂದೀತು. ಸೂರ್ಯ ಏರುವ ಮೊದಲು ಹೋಗಿ. ತಂಪಿಗೆ ಕೀಟಗಳು ಅಲುಗದೆ ಕೂತಿರುತ್ತವೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು, ಬಾಲದ್ದೊಂದು, ಕೂತ ಗಿಡದ್ದೊಂದು. ಜೊತೆಗೆ ಒಂದು ನೋಟ್‌ಬುಕ್ಕು: ದಿನಾಂಕ, ಹೊತ್ತು, ಜಾಗ, ಗಿಡ, ಊರವರು ಕರೆಯುವ ಹೆಸರು.

ಕರಾವಳಿಯ ನಾವು ಬೂಷ್ಟಿನ ಮಾತನ್ನು ಬಿಡುವಂತಿಲ್ಲ. ಹಳೆಯ ಲೆನ್ಸು ಕೊಳ್ಳುವಾಗ ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂತಹ ಎಳೆಗಳಿದ್ದರೆ ಬೇಡ. ನೋಡದೆ ಕೊಂಡ ಒಂದು ಲೆನ್ಸು ನನ್ನಲ್ಲಿದೆ, ಈಗ ಅದು ಕಾಗದ ಹಾರದಂತೆ ಇಡುವ ಕಲ್ಲು. ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರ ಚೀಲದಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಹದಿನೈದು ದಿನಕ್ಕೊಮ್ಮೆ ಆ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಒಣಗಿಸಿ. ಅಡುಗೆಯ ಬಾಣಲೆಯಲ್ಲಲ್ಲ, ಬೇರೆಯದರಲ್ಲಿ.

ಇಷ್ಟೆಲ್ಲ ಯಾಕೆ ಎಂದು ಹಿರಿಯರು ಕೇಳಬಹುದು. ಒಂದು ಉದಾಹರಣೆ. ಮಾವಿನ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಚಗಳಿಯ ಸಾಲಿನ ಪಕ್ಕದಲ್ಲಿ, ಅದೇ ಬಣ್ಣದ, ಅದೇ ಸೊಂಟದ ಇನ್ನೊಂದು ಜೀವಿ ಓಡಾಡುತ್ತಿರುತ್ತದೆ. ಚಿತ್ರ ತೆಗೆದು ಹಿಗ್ಗಿಸಿ ಕಾಲು ಎಣಿಸಿ: ಎಂಟು! ಅದು ಇರುವೆಯಲ್ಲ, ಇರುವೆಯ ವೇಷ ಹಾಕಿದ ಜಿಗಿಯುವ ಜೇಡ. ಮುಂಗಾಲು ಎತ್ತಿ ಮೀಸೆಯಂತೆ ಆಡಿಸುತ್ತದೆ. ಗಂಡಿನ ದವಡೆಯಂತೂ ಎಷ್ಟು ಉದ್ದವೆಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುವಂತೆ ಕಾಣುತ್ತದೆ. 1934ರಿಂದ ಇಡಗುಂಜಿ ಮಹಾಗಣಪತಿಯ ಹೆಸರಿನ ಯಕ್ಷಗಾನ ಮಂಡಳಿ ಇರುವ ಈ ನೆಲದಲ್ಲಿ ವೇಷದ ಮಹಿಮೆಯನ್ನು ನಾನು ಹೇಳಬೇಕಿಲ್ಲ. ಈ ವೇಷಧಾರಿ ನಮ್ಮ ಮರದಲ್ಲಿಯೇ ಇದ್ದರೂ ಅದಕ್ಕೆ ನಮ್ಮೂರಿನಲ್ಲಿ ಹೆಸರಿಲ್ಲ.

ಇನ್ನೊಂದು, ಇದಕ್ಕಿಂತ ದೊಡ್ಡದು. ಇದೇ ಶರಾವತಿ ಕಣಿವೆಯ ಮೇಲ್ಬದಿಯ ಕತ್ತಲೆಕಾನಿನ ರಾಮಪತ್ರೆಯ ಜೌಗು ಕಾಡಿನಲ್ಲಿ, ಗಂಡುಕಪ್ಪೆಯೊಂದು ಮುಂಗಾಲುಗಳಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುವುದನ್ನು ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು ರಾತ್ರಿಗಳನ್ನು ಕಳೆದು ದಾಖಲಿಸಿದರು. 2014ರಲ್ಲಿ ಅದು ಹೊಸ ಜಾತಿಯೆಂದು ಪ್ರಕಟವಾಯಿತು. ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಾಯಿತು. ಕನ್ನಡದ ಕುಂಬಾರ ಹೀಗೆ ವಿಜ್ಞಾನದ ಪುಸ್ತಕ ಸೇರಿದ. ಆ ಹಳ್ಳದ ಪಕ್ಕದಲ್ಲಿ ತಲೆಮಾರುಗಳಿಂದ ಜನ ಓಡಾಡಿದ್ದರು. ಮಣ್ಣು ಮೆತ್ತುವ ಕೈಯನ್ನು ಹತ್ತಿರದಿಂದ ನೋಡಿ ದಾಖಲಿಸಿದವರು ಇರಲಿಲ್ಲ, ಅಷ್ಟೆ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿ ಜೀವವೈವಿಧ್ಯ ಸಮಿತಿಯೂ, ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ಎಷ್ಟೋ ಕಡೆ ಈ ದಾಖಲಾತಿ ಅವಸರದಲ್ಲಿ ತುಂಬಿತು. ನಾನು ಕಂಡ ಒಂದರಲ್ಲಿ ಮರಗಳಿದ್ದವು, ದನಗಳ ತಳಿಗಳಿದ್ದವು. ಕೀಟದ ಪುಟದಲ್ಲಿ “ಜೇನು, ಚಿಟ್ಟೆ ಇತ್ಯಾದಿ” ಎಂದಿತ್ತು. ನಾಳೆ ಯಾವುದೋ ಯೋಜನೆ ಬಂದು, ಈ ಹಳ್ಳದಲ್ಲಿ ಏನಿತ್ತು ತೋರಿಸಿ ಎಂದು ಯಾರಾದರೂ ಕೇಳಿದರೆ, ಆ “ಇತ್ಯಾದಿ”ಯನ್ನು ತೋರಿಸಲಾದೀತೆ? ವಿದ್ಯಾರ್ಥಿಗಳು ವರ್ಷಕ್ಕೆ ನೂರು ಜೀವಿಗಳನ್ನು ತಾರೀಕು, ಜಾಗದೊಡನೆ ಚಿತ್ರಿಸಿ ತಮ್ಮ ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಇಂಡಿಯಾ ಬಯೊಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ಗಳಿಗೂ ಹಾಕಲಿ. ಯಂತ್ರ ಸೂಚಿಸುವ ಹೆಸರನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಬೇಡಿ. ಬಲ್ಲವರು ಒಪ್ಪುವವರೆಗೆ ಕಾಯಿರಿ. ಅಪರೂಪದ ಜೀವಿಯಾದರೆ ಜಾಗವನ್ನು ಮರೆಮಾಡಿ.

ಕೊನೆಗೆ ಕೆಲವು ಬೇಡಗಳು. ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮಂಕುಗೊಳಿಸಿ ಚಿತ್ರ ತೆಗೆಯುವುದು ಬೇಡ. ಗೂಡಿನ ಎಲೆ ಹರಿದು ಬೆಳಕು ಬಿಡುವುದು ಬೇಡ. ಉಂಬಳಕ್ಕೆಂದು, ಸೊಳ್ಳೆಗೆಂದು ಔಷಧ ಹಚ್ಚಿದ ಕೈಯಲ್ಲಿ ಕಪ್ಪೆಯನ್ನು ಮುಟ್ಟುವುದು ಬೇಡ. ಅದರ ಚರ್ಮ ಎಲ್ಲವನ್ನೂ ಹೀರುತ್ತದೆ. ಮೊಟ್ಟೆ ಕಾಯುವ ಜೀವಿಯ ಮುಂದೆ ಎರಡು ಮೂರು ಬಾರಿ ಫ್ಲ್ಯಾಶ್ ಬೆಳಗಿಸಿದ ಮೇಲೆ ಎದ್ದು ಬನ್ನಿ.

ನಾನು ತಂದ ಕೊಳವೆಗಳು, ಹಳೆಯ ಲೆನ್ಸು, ಹಾಳೆಯ ಮೊರ ಆ ಮೇಜಿನ ಮೇಲಿವೆ. ಹೊರಗಿನ ಮಾವಿನ ಮರದ ಕೆಳಗಿನ ಟೊಂಗೆಯಲ್ಲಿ ಚಗಳಿಯ ಗೂಡೊಂದಿದೆ, ಬರುವಾಗಲೇ ನೋಡಿಟ್ಟಿದ್ದೇನೆ. ಐದೈದು ಜನರಾಗಿ ಬನ್ನಿ, ಟೊಂಗೆಯನ್ನು ಅಲುಗಿಸಬೇಡಿ. ಎಂಟು ಕಾಲಿನದು ಯಾರಿಗೆ ಮೊದಲು ಕಾಣುತ್ತದೋ ಅವರು ಕೂಗದೆ ಕೈ ಎತ್ತಿ.